ಎಂಜೈಮಿಗೊಂದು ಏಡಿ ಚಿಪ್ಪಿನ ಮನೆ

ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಗದ್ದೆ ಅಂಚಿನಲ್ಲಿ ಏಡಿ ಹಿಡಿಯುವ ಸಂಭ್ರಮ. ಸಾರು ಉಂಡಾದ ಮೇಲೆ ಚಿಪ್ಪೆಲ್ಲ ಗೊಬ್ಬರದ ಗುಂಡಿಗೆ. ಆ ಚಿಪ್ಪಿನಲ್ಲಿ ಕೈಟಿನ್ ಅನ್ನೋ ವಸ್ತುವಿದೆ. ಆಸಿಡ್ ಹಾಕಿ ಸುಣ್ಣದ ಅಂಶ ತೆಗೆದು, ಆಮೇಲೆ ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಅದೇ ಕೈಟೋಸಾನ್ ಆಗುತ್ತದೆ. ಇದಕ್ಕೊಂದು ಅಪರೂಪದ ಗುಣ: ಎಂಜೈಮನ್ನು, ಅಂದರೆ ಜೀವಿಗಳಲ್ಲಿ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನನ್ನು, ಕೆಡಿಸದೆ ಹಿಡಿದಿಡುತ್ತದೆ.

ಹಿಡಿದಿಡುವುದು ಯಾಕೆ ಬೇಕು? 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ಗ್ಲೂಕೋಸ್ ಆಕ್ಸಿಡೇಸ್ ಎಂಬ ಎಂಜೈಮನ್ನು ತೆಳು ಪೊರೆಯೊಳಗಿಟ್ಟು ಗ್ಲೂಕೋಸ್ ಅಳೆಯುವ ದಾರಿ ತೋರಿಸಿದರು. ರಕ್ತದಲ್ಲಿ ನೂರೆಂಟು ವಸ್ತುಗಳಿದ್ದರೂ ಈ ಎಂಜೈಮು ಗ್ಲೂಕೋಸನ್ನೇ ಗುರುತು ಹಿಡಿಯುತ್ತದೆ. ಆಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎಲೆಕ್ಟ್ರೋಡು (ಕರೆಂಟು ಹಾಯಿಸುವ ತುಂಡು) ಅದರಿಂದ ಎಲೆಕ್ಟ್ರಾನ್ ಕಿತ್ತುಕೊಂಡರೆ ಕರೆಂಟು ಹರಿಯುತ್ತದೆ. ಸಕ್ಕರೆ ಜಾಸ್ತಿಯಾದಷ್ಟೂ ಕರೆಂಟೂ ಜಾಸ್ತಿ.

ಅಮ್ಮನ ಗ್ಲೂಕೋಮೀಟರಿನ ಪಟ್ಟಿಯಲ್ಲಿ ಎಂಜೈಮು ಒಣಗಿಕೊಂಡು ಕೂತಿರುತ್ತದೆ. ಒಂದು ಹನಿ ರಕ್ತ, ಒಂದು ಲೆಕ್ಕ, ಅಲ್ಲಿಗೆ ಅದರ ಕೆಲಸ ಮುಗಿಯಿತು. (ಆಷಾಢದ ಥಂಡಿಯಲ್ಲಿ ಆ ಡಬ್ಬಿಯ ಮುಚ್ಚಳ ತೆರೆದಿಡಬೇಡಿ, ತೇವ ಕುಡಿದ ಪಟ್ಟಿ ತಪ್ಪು ಲೆಕ್ಕ ಕೊಡಬಹುದು.) ಆದರೆ ಒಂದೇ ಸೆನ್ಸರನ್ನು, ಅಂದರೆ ಎಂಜೈಮು ಕೂರಿಸಿದ ಅಳೆಯುವ ಸಾಧನವನ್ನು, ಮತ್ತೆ ಮತ್ತೆ ನೀರಿಗಿಳಿಸಿ ಬಳಸಬೇಕೆಂದರೆ ಕಷ್ಟ. ಎಂಜೈಮು ಕರಗಿ ಹೋಗಿಬಿಡುತ್ತದೆ. ಬಿಗಿಯಾಗಿ ಅಂಟಿಸಿದರೆ ಅದರ ಮಡಿಚಿಕೊಂಡ ಆಕಾರ ಕೆಟ್ಟು ಕೆಲಸವೇ ನಿಲ್ಲಬಹುದು.

ಕೈಟೋಸಾನ್ ಗೆಲ್ಲುವುದು ಇಲ್ಲೇ. ವಿನೆಗರ್‌ನಂಥ ಮೆದು ಹುಳಿಯಲ್ಲಿ ಅದು ಕರಗುತ್ತದೆ, ಕರಗಿದಾಗ ಧನ ವಿದ್ಯುದಂಶ ಪಡೆಯುತ್ತದೆ. ಹುಳಿ ತೀರಾ ಜಾಸ್ತಿ ಇಲ್ಲದಿದ್ದರೆ ಗ್ಲೂಕೋಸ್ ಆಕ್ಸಿಡೇಸ್‌ನದ್ದು ಋಣ ವಿದ್ಯುದಂಶ. ಎರಡೂ ತಾವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಜೋರು ಮಾಡಬೇಕಿಲ್ಲ. ಒಣಗಿದ ಪದರ ನೀರು ಕುಡಿದು ಉಬ್ಬುತ್ತದೆ. ಹಾಗಾಗಿ ಎಂಜೈಮಿಗೆ ಒಳಗೂ ಒದ್ದೆಯ ವಾತಾವರಣವೇ ಸಿಗುತ್ತದೆ.

ಆ ಪದರ ಎಷ್ಟು ತೆಳ್ಳಗಿರಬೇಕು? ಸಾಗರ ಸೀಮೆಯಲ್ಲಿ ತೊಡೆದೇವು ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೋರಲು ಹಾಕಿದ ಬಿಸಿ ಮಡಕೆಯ ಮೇಲೆ ಹಿಟ್ಟನ್ನು ಬಟ್ಟೆಯಲ್ಲಿ ತೊಡೆಯುತ್ತಾರಲ್ಲ, ಕೈ ಸ್ವಲ್ಪ ಭಾರವಾದರೂ ಹಾಳೆ ದಪ್ಪವಾಯಿತು. ಇಲ್ಲೂ ಹಾಗೇ. ಪದರ ದಪ್ಪವಾದರೆ ಗ್ಲೂಕೋಸ್ ಒಳಗಿಳಿಯಲು ಹೊತ್ತು ಹಿಡಿಯುತ್ತದೆ, ಸೆನ್ಸರ್ ನಿಧಾನವಾಗುತ್ತದೆ. ತೀರಾ ತೆಳುವಾದರೆ ಎಂಜೈಮು ಸಾಲದು.

ಕೆಳಗಿನ ಎಲೆಕ್ಟ್ರೋಡಿಗೆ ದುಬಾರಿ ಪ್ಲಾಟಿನಮ್ಮೇ ಆಗಬೇಕೆಂದಿಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಾಫೈಟ್ ಪುಡಿಗೆ ಎಣ್ಣೆ ಕಲಸಿ ಮಾಡುವ ಕಾರ್ಬನ್ ಪೇಸ್ಟ್ ಎಲೆಕ್ಟ್ರೋಡುಗಳ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ.

ನನಗೆ ಜಾಸ್ತಿ ಆಸೆ ಇರುವುದು ಕೀಟನಾಶಕ ಹಿಡಿಯುವ ಸೆನ್ಸರಿನ ಮೇಲೆ. ಅದರಲ್ಲಿರುವುದು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಎಂಜೈಮು, ನಮ್ಮ ನರಗಳಲ್ಲೂ ಇರುವಂಥದ್ದು. ಆರ್ಗನೋಫಾಸ್ಫೇಟ್ ಎಂಬ ಬಗೆಯ ಕೀಟನಾಶಕದ ವಿಷ ತಗುಲಿದರೆ ಆ ಎಂಜೈಮಿನ ಕೆಲಸ ಕಟ್ಟಿಹೋಗುತ್ತದೆ, ಅದು ಕೆಲಸ ಮಾಡುವಾಗ ಹರಿಯುತ್ತಿದ್ದ ಕರೆಂಟು ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ವಿಷದ ಅಂದಾಜು ಸಿಗುತ್ತದೆ. ಗದ್ದೆಗೆ ಔಷಧಿ ಹೊಡೆದ ಮಾರನೇ ದಿನ ಕೆಳಗಿನ ಹಳ್ಳದ ನೀರನ್ನು ಅಲ್ಲೇ ಪರೀಕ್ಷಿಸುವಂತಾದರೆ ಎಷ್ಟು ಚೆಂದ, ಅಲ್ವಾ?

ತೊಡಕೂ ಇದೆ. ಹುಳಿ ನೀರಿನಲ್ಲಿ ಕೈಟೋಸಾನ್ ಪದರ ಮತ್ತೆ ಕರಗುತ್ತದೆ. ಅದಕ್ಕೆ ಕೈಟೋಸಾನ್ ಎಳೆಗಳನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಒಂದಕ್ಕೊಂದು ಹೆಣೆಯುತ್ತಾರೆ. ಅದು ಸ್ವಲ್ಪ ಹೆಚ್ಚಾದರೂ ಎಂಜೈಮು ಸೊರಗುತ್ತದೆ. ಇನ್ನೂ ಮೆದುವಾದ ದಾರಿ ಜೆನಿಪಿನ್, ಗಾರ್ಡೀನಿಯಾ ಹಣ್ಣಿನಿಂದ ಬರುವ ವಸ್ತು. ಬೆರೆಸಿಟ್ಟರೆ ಬಣ್ಣವಿಲ್ಲದ ಪದರ ಗಂಟೆಗಳು ಕಳೆದಂತೆ ನಿಧಾನವಾಗಿ ಕಡುನೀಲಿಗೆ ತಿರುಗುತ್ತದೆ. ಹೆಣಿಗೆ ಬಿದ್ದಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ.