ಮಹಿಷಾಸುರನ ಹಿಂದಿನ ಕತ್ತಲು

ಬದಿಯಡ್ಕದ ಹತ್ತಿರ ನನ್ನ ಅಕ್ಕನ ಮನೆ. ಓಣಂ ಆಫರ್ ಮುಗಿಯುವ ಮೊದಲೇ ಹೊಸ ಟಿವಿ ಬರಬೇಕು ಎಂದು ಭಾವ ಹೊರಟರು. ಕಾಸರಗೋಡು ಪೇಟೆಗೆ ನಾನೂ ಜೊತೆಗೆ ಹೋದೆ. ಅಂಗಡಿಯ ಗೋಡೆ ತುಂಬಾ ಟಿವಿಗಳು. ಎಲ್ಲದರಲ್ಲೂ ಗಿಳಿ, ಹೂವು, ಕತ್ತರಿಸಿದ ದಾಳಿಂಬೆ. ಭಾವ ಕೇಳಿದ್ದು ಮೂರೇ ಪ್ರಶ್ನೆ: ಎಷ್ಟು ಇಂಚು? ಫೋರ್‌ಕೆ ಹೌದಾ? ಎಷ್ಟು ಕಡಿಮೆ ಮಾಡ್ತೀರಿ?

ನನ್ನ ಕಿಸೆಯಲ್ಲಿ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಊರಿನ ಯಕ್ಷಗಾನ ಬಯಲಾಟದ ಒಂದು ತುಣುಕು. ದೇವಿಮಹಾತ್ಮೆ ಪ್ರಸಂಗ, ಮಹಿಷಾಸುರ ಬರುವ ಹೊತ್ತು. ಆಟ ನೋಡಿದವರಿಗೆ ಗೊತ್ತು, ಅವನು ವೇಷ ಕಟ್ಟುವ ಚೌಕಿಯಿಂದ ನೇರ ರಂಗಕ್ಕೆ ಬರುವುದಿಲ್ಲ. ಜನರ ಹಿಂದಿನಿಂದ, ಗದ್ದೆಯ ಕತ್ತಲೆಯಿಂದ ಬರುತ್ತಾನೆ. ಎರಡೂ ಬದಿಗೆ ಉರಿಯುವ ಸೂಟೆ, ಅಂದರೆ ದೊಂದಿ. ರಾಳದ ಪುಡಿ ಎರಚಿದ ಕೂಡಲೇ ಭಗ್ಗನೆ ಬೆಂಕಿ. ಸುತ್ತ ಮತ್ತೇನೂ ಇಲ್ಲ.

ಆ ಸಾಲಿನ ಮೇಲಿದ್ದ ಲೈಟು ಆರಿಸಿ, ಇದನ್ನು ನಾಲ್ಕು ಟಿವಿಗಳಲ್ಲಿ ಹಾಕಿ ತೋರಿಸಿ ಎಂದು ಕೇಳಿದೆ. ಅಂಗಡಿಯ ಹುಡುಗ ಒಳ್ಳೆಯವನು, ಹಾಕಿದ. ನಾಲ್ಕು ಟಿವಿಗಳಲ್ಲಿ ನಾಲ್ಕು ಥರದ ಕತ್ತಲು! ಒಂದರಲ್ಲಿ ಗದ್ದೆ ಬೂದಿ ಬಣ್ಣ. ಇನ್ನೊಂದರಲ್ಲಿ ನೀಲಿ ಮಂಜು ಕವಿದ ಹಾಗೆ. ಮೂರನೆಯದರಲ್ಲಿ ಪರದೆಯ ಮೂಲೆಗಳು ಸುಮ್ನೆ ಬೆಳಗುತ್ತಿದ್ದವು. ನಾಲ್ಕನೆಯದರಲ್ಲಿ ಮಾತ್ರ ಬೆಂಕಿ, ಕೋಡು, ಕಣ್ಣು. ಉಳಿದದ್ದು ಕಪ್ಪು. ಭಾವ ಎರಡು ಹೆಜ್ಜೆ ಮುಂದೆ ಬಂದು ನಿಂತರು.

ನಾನು ಹೇಳಬೇಕೆಂದಿರುವುದು ಇದನ್ನೇ. ಟಿವಿ ಕೊಳ್ಳುವಾಗ ಮೊದಲು ಕಪ್ಪನ್ನು ನೋಡಿ. ಗಿಳಿಯ ಹಸಿರನ್ನು ಯಾವ ಟಿವಿಯಾದರೂ ತೋರಿಸುತ್ತದೆ. ಏನನ್ನೂ ತೋರಿಸದೆ ಇರುವುದೇ ಟಿವಿಗೆ ತುಂಬಾ ಕಷ್ಟದ ಕೆಲಸ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಅಂಗಡಿಯಲ್ಲಿ 'ಎಲ್‌ಇಡಿ ಟಿವಿ' ಎಂದು ಮಾರುವುದರಲ್ಲಿ ಚಿತ್ರ ಮೂಡಿಸುವುದು ಎಲ್‌ಇಡಿ ಅಲ್ಲ. ಅದು ಎಲ್‌ಸಿಡಿ ಟಿವಿಯೇ. ಹಿಂದೆ ಟ್ಯೂಬ್‌ಲೈಟಿನಂಥ ದೀಪ ಇರುತ್ತಿದ್ದ ಜಾಗಕ್ಕೆ ಎಲ್‌ಇಡಿ ಬಂದಿದೆ, ಅಷ್ಟೇ. ಪರದೆಯ ಹಿಂದಿನ ಈ ದೀಪಕ್ಕೆ ಬ್ಯಾಕ್‌ಲೈಟ್ ಎಂದು ಹೆಸರು. ಸಾಮಾನ್ಯವಾಗಿ ಟಿವಿ ಆನ್ ಆಗಿರುವಷ್ಟು ಹೊತ್ತೂ ಅದು ಉರಿಯುತ್ತಿರುತ್ತದೆ. ಪರದೆಯಲ್ಲಿ ಅಮಾವಾಸ್ಯೆ ಇದ್ದರೂ ಹಿಂದೆ ದೀಪ ಉರಿಯುತ್ತಲೇ ಇದೆ! ಹಾಗಾದರೆ ಕಪ್ಪು ಹೇಗೆ ಬರುತ್ತದೆ? ಬೆಳಕನ್ನು ತಡೆಯಬೇಕು.

ತಡೆಯುವ ಉಪಾಯ ನನಗೆ ಬಹಳ ಇಷ್ಟ. ಕಿಟಕಿಯ ನಿಂತ ಸರಳುಗಳ ನಡುವೆ ಒಂದು ಹಗ್ಗ ತೂರಿಸಿ, ತುದಿ ಹಿಡಿದು ಅಲ್ಲಾಡಿಸಿ. ಮೇಲೆ ಕೆಳಗೆ ಅಲ್ಲಾಡಿಸಿದರೆ ಅಲೆ ಸರಳು ದಾಟಿ ಹೋಗುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದರೆ ಸರಳಿಗೆ ಬಡಿದು ನಿಲ್ಲುತ್ತದೆ. ಬೆಳಕೂ ಒಂದು ಅಲೆ. ಅದಕ್ಕೂ ಇಂಥ ಕಿಟಕಿ ಇದೆ, ಹೆಸರು ಪೋಲರೈಸರ್. ಎಲ್‌ಸಿಡಿ ಪರದೆಯಲ್ಲಿ ಇಂಥ ಎರಡು ಹಾಳೆಗಳಿವೆ. ಒಂದರಲ್ಲಿ ನಿಂತ ಸರಳು, ಇನ್ನೊಂದರಲ್ಲಿ ಮಲಗಿದ ಸರಳು ಎಂದುಕೊಳ್ಳಿ. ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದಕ್ಕೆ ಬಡಿದು ಅಲ್ಲೇ ಸಾಯುತ್ತದೆ. ಇದೇ ಕಪ್ಪು. ಎರಡು ಹಾಳೆಗಳ ನಡುವೆ ದ್ರವ ಸ್ಫಟಿಕದ ತೆಳು ಪದರ ಇದೆ. ಕರೆಂಟು ಕೊಟ್ಟ ಹಾಗೆ ಅದರ ಅಣುಗಳು ವಾಲುತ್ತವೆ, ದಾಟುವ ಬೆಳಕಿನ ಅಲೆಯನ್ನು ತಿರುಗಿಸುತ್ತವೆ. ಪೂರ್ತಿ ತಿರುಗಿದರೆ ಬಿಳಿ, ಅರ್ಧ ತಿರುಗಿದರೆ ಬೂದಿ, ತಿರುಗದಿದ್ದರೆ ಕಪ್ಪು. ಪೋಲರಾಯ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಅದನ್ನು ಎಲ್‌ಸಿಡಿ ಟಿವಿಯ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿ. ಒಂದು ಕೋನದಲ್ಲಿ ಚಿತ್ರ ಮಾಯ!

ಇಲ್ಲಿ ಒಂದು ತೊಂದರೆ ಇದೆ. ನಮ್ಮ ಕಡೆ ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕಿದವರಿಗೆ ಬೇಗ ಅರ್ಥವಾಗುತ್ತದೆ. ಕಲ್ಲು, ಮಣ್ಣು, ಸೊಪ್ಪು ಎಷ್ಟೇ ಜಡಿದರೂ ಕಟ್ಟದ ಸಂದಿಯಿಂದ ನೀರು ಜಿನುಗುತ್ತದೆ. ಹಿಂದೆ ನೀರು ಒತ್ತುತ್ತಿದೆಯಲ್ಲ. ಎಲ್‌ಸಿಡಿಯ ಕಪ್ಪೂ ಹಾಗೆಯೇ, ಜಿನುಗುವ ಕಪ್ಪು. ಆ ಜಿನುಗುವಿಕೆಯೇ ಮಹಿಷಾಸುರನ ಹಿಂದಿನ ಬೂದಿ ಬಣ್ಣ.

ಎಷ್ಟು ಜಿನುಗುತ್ತದೆ ಎನ್ನುವುದು ಅಣುಗಳು ಹೇಗೆ ಕೂತಿವೆ ಎನ್ನುವುದರ ಮೇಲೆ ಹೋಗುತ್ತದೆ. ಎರಡು ಮುಖ್ಯ ಬಗೆಗಳಿವೆ, ಐಪಿಎಸ್ ಮತ್ತು ವಿಎ. ಐಪಿಎಸ್‌ನಲ್ಲಿ ಅಣುಗಳು ಮಲಗಿಕೊಂಡೇ ಇರುತ್ತವೆ, ಮಲಗಿದಲ್ಲೇ ಹೊರಳುತ್ತವೆ. ಅದರಲ್ಲಿ ಬಿಳಿಯು ಕಪ್ಪಿಗಿಂತ ಸುಮಾರು 1000 ಪಟ್ಟು ಬೆಳಗುತ್ತದೆ. ವಿಎಯಲ್ಲಿ ಕಪ್ಪು ತೋರಿಸುವಾಗ ಅಣುಗಳು ಅಡಿಕೆ ಮರದ ಹಾಗೆ ನೆಟ್ಟಗೆ ನಿಂತಿರುತ್ತವೆ. ಅಡಿಕೆ ತೋಟವನ್ನು ನೆತ್ತಿಯ ಮೇಲಿಂದ ನೋಡಿದರೆ ಒಂದೂ ಕಾಂಡ ಕಾಣುವುದಿಲ್ಲ ಅಲ್ವಾ? ನೇರ ಮುಂದಿನಿಂದ ಬರುವ ನೋಟಕ್ಕೆ ಆ ಅಣುಗಳೂ ಅಡ್ಡ ಬರುವುದಿಲ್ಲ, ಅಲೆಯನ್ನು ತಿರುಗಿಸುವುದಿಲ್ಲ. ಜಿನುಗುವುದು ಕಡಿಮೆ. ಬಿಳಿ ಕಪ್ಪುಗಳ ಅಂತರ 3000ದಿಂದ 5000 ಪಟ್ಟು. ಆದರೆ ತೋಟವನ್ನು ಓರೆಯಿಂದ ನೋಡಿದರೆ ಕಾಂಡಗಳೇ ಕಾಣುತ್ತವೆ. ಬದಿಯಲ್ಲಿ ಕೂತವರಿಗೆ ವಿಎ ಪರದೆ ಮಂಕಾಗುವುದು ಇದೇ ಕಾರಣಕ್ಕೆ. ಪೆಟ್ಟಿಗೆಯ ಮೇಲೆ ಇದನ್ನು ಹೆಚ್ಚಾಗಿ ಬರೆದಿರುವುದಿಲ್ಲ. ನೀವೇ ಬದಿಗೆ ಸರಿದು ನೋಡಬೇಕು. ಪೆಟ್ಟಿಗೆಯ ಮೇಲೆ ಬರೆದಿರುವುದು '10,00,000:1 ಡೈನಾಮಿಕ್ ಕಾಂಟ್ರಾಸ್ಟ್'. ಕಪ್ಪನ್ನು ಅಳೆಯುವಾಗ ಬ್ಯಾಕ್‌ಲೈಟನ್ನೇ ತಗ್ಗಿಸಿ ಅಥವಾ ಆರಿಸಿ ಬರೆದ ಲೆಕ್ಕ ಅದು. ಸೂಟೆಯೂ ಕತ್ತಲೂ ಒಟ್ಟಿಗೆ ಇರುವ ದೃಶ್ಯಕ್ಕೆ ಆ ಲೆಕ್ಕ ಬಾರದು. ಅದನ್ನು ನಂಬಿ ದುಡ್ಡು ಕೊಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಈ ದ್ರವ ಸ್ಫಟಿಕ ಸಿಕ್ಕಿದ ಕತೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1888ರಲ್ಲಿ ಫ್ರೀಡ್ರಿಕ್ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಕೊಲೆಸ್ಟರಾಲ್‌ಗೆ ಸಂಬಂಧಿಸಿದ ಒಂದು ವಸ್ತುವನ್ನು ಕಾಯಿಸುತ್ತಿದ್ದರು. ಅದು ಎರಡು ಸಲ ಕರಗಿತು! 145.5 ಡಿಗ್ರಿಯಲ್ಲಿ ಕದಡಿದ ದ್ರವ, 178.5 ಡಿಗ್ರಿಯಲ್ಲಿ ತಿಳಿಯಾದ ದ್ರವ. ನಡುವೆ ಇದ್ದದ್ದು ಹರಿಯುತ್ತದೆ, ಆದರೆ ಅದರ ಅಣುಗಳು ಹರಳಿನ ಹಾಗೆ ಶಿಸ್ತಿನಲ್ಲಿವೆ. ಮುಂದಿನ ಎಷ್ಟೋ ವರ್ಷ ಅದರಿಂದ ಏನುಪಯೋಗ ಎಂದು ಯಾರಿಗೂ ಹೊಳೆಯಲಿಲ್ಲ. ನಮ್ಮ ಕಡೆಯ ಪಾಲೂ ಇದರಲ್ಲಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಎಸ್. ಚಂದ್ರಶೇಖರ್ ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. ಅವರು ಸಿ.ವಿ. ರಾಮನ್ ಅವರ ಸೋದರಳಿಯ. ಕಡ್ಡಿಯಂಥ ಅಣುಗಳಿಂದ ಮಾತ್ರ ದ್ರವ ಸ್ಫಟಿಕ ಆಗುತ್ತದೆ ಎಂದು ಎಲ್ಲರೂ ನಂಬಿದ್ದಾಗ, ಬಿಲ್ಲೆಯಂಥ ಅಣುಗಳಿಂದಲೂ ಆಗುತ್ತದೆ ಎಂದು ಅವರೂ ಸಂಗಡಿಗರೂ 1977ರಲ್ಲಿ ತೋರಿಸಿದರು. ಚಕ್ಕುಲಿ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಆ ಬಿಲ್ಲೆಗಳು ಕಂಬ ಕಟ್ಟುತ್ತವೆ. ಓರೆಯಿಂದ ನೋಡಿದರೂ ಎಲ್‌ಸಿಡಿ ಚಿತ್ರ ಕೆಡದಿರಲು ಅಂಟಿಸುವ ತೆಳು ಹಾಳೆಗಳಿಗೆ ಇಂಥ ಬಿಲ್ಲೆ ಅಣುಗಳೇ ಮುಂದೆ ಬಳಕೆಗೆ ಬಂದವು.

ಇನ್ನು ಓಎಲ್‌ಇಡಿ. 1987ರಲ್ಲಿ ಕೊಡಾಕ್ ಕಂಪನಿಯ ಚಿಂಗ್ ಟ್ಯಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ದಾರಿ ತೋರಿಸಿದ ವಿದ್ಯೆ. ಇಲ್ಲಿ ಹಿಂದೆ ದೀಪವೇ ಇಲ್ಲ. ದೇವಸ್ಥಾನದ ಸುತ್ತಿನ ಹಣತೆಗಳ ಹಾಗೆ ಪ್ರತಿ ಚುಕ್ಕಿಯೂ ತಾನೇ ಒಂದು ದೀಪ. ಕಪ್ಪು ಬೇಕಾದಲ್ಲಿ ಆ ದೀಪ ಆರುತ್ತದೆ. ತಡೆಯುವ ಕೆಲಸವೇ ಇಲ್ಲದ ಮೇಲೆ ಜಿನುಗುವುದು ಎಲ್ಲಿಂದ? ಗುಡ್ಡದ ಸುರಂಗದೊಳಗೆ ಹತ್ತು ಮಾರು ಹೋಗಿ ಮೇಣದಬತ್ತಿ ಆರಿಸಿದರೆ ಕಾಣುವ ಕಪ್ಪು ಅದು. ನಾಲ್ಕನೆಯ ಟಿವಿ ಇದೇ ಆಗಿತ್ತು. ಬೆಲೆ ಕೇಳಿ ಭಾವ ಎರಡು ಹೆಜ್ಜೆ ಹಿಂದೆ ಬಂದರು. ಬೆಲೆಯೊಂದೇ ತೊಡಕಲ್ಲ. ಆ ಚುಕ್ಕಿಗಳು ಉರಿದ ಹಾಗೆ ಸವೆಯುತ್ತವೆ. ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿಟ್ಟರೆ ಮೂಲೆಯ ಲಾಂಛನ, ಕೆಳಗಿನ ಕೆಂಪು ಪಟ್ಟಿ ನೆರಳಿನ ಹಾಗೆ ಉಳಿದುಬಿಡಬಹುದು. ಭಾವನ ಮನೆಯಲ್ಲಿ ಸಂಜೆ ಆರರಿಂದ ಊಟದವರೆಗೆ ನ್ಯೂಸ್.

ಫೋರ್‌ಕೆ, ಅಂದರೆ ಫುಲ್ ಎಚ್‌ಡಿಗಿಂತ ಸಣ್ಣ, ಹೆಚ್ಚು ಚುಕ್ಕಿಗಳಿರುವ ಪರದೆ. ಅದರ ಬಗ್ಗೆ ಎರಡು ಮಾತು ಸಾಕು. ನಮ್ಮ ಕಣ್ಣು ಬೇರೆ ಬೇರೆಯಾಗಿ ಗುರುತಿಸುವ ಅತಿ ಸಣ್ಣ ಅಂತರ ಸುಮಾರು ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು. ಹತ್ತಡಿ ದೂರದಲ್ಲಿ ಅದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. 43 ಇಂಚಿನ ಫುಲ್ ಎಚ್‌ಡಿ ಟಿವಿಯ ಚುಕ್ಕಿಯೇ ಅರ್ಧ ಮಿಲಿಮೀಟರ್. ಫೋರ್‌ಕೆಯಲ್ಲಿ ಕಾಲು ಮಿಲಿಮೀಟರ್. ಅಷ್ಟು ದೂರ ಕೂತರೆ ಎರಡೂ ಒಂದೇ. ಕಪ್ಪಿನ ವ್ಯತ್ಯಾಸ ಮಾತ್ರ ಎಷ್ಟು ದೂರದಿಂದಲೂ ಕಾಣುತ್ತದೆ.

ಹಾಗಂತ ಒಳ್ಳೆಯ ಕಪ್ಪು ಎಲ್ಲರಿಗೂ ಬೇಕಿಲ್ಲ. ಹಗಲು ಟಿವಿ ಆಫ್ ಮಾಡಿ ಪರದೆ ನೋಡಿ. ಬಾಗಿಲಿನ ಬೆಳಕು, ಅಂಗಳ, ನಿಮ್ಮ ಮುಖ ಎಲ್ಲ ಅದರಲ್ಲಿ ಕಾಣುತ್ತದೆ. ಟಿವಿ ಹಾಕಿದರೂ ಅದಕ್ಕಿಂತ ಕಪ್ಪು ಬರಲು ಸಾಧ್ಯವೇ ಇಲ್ಲ. ಚಾವಡಿಯ ಬಾಗಿಲು ತೆರೆದಿಟ್ಟು ಹಗಲು ಹೊತ್ತು ಕ್ರಿಕೆಟ್ ನೋಡುವ ಮನೆಗೆ, ಬದಿಯ ಬೆಂಚಿನಲ್ಲೂ ನಾಲ್ಕು ಜನ ಕೂರುವಲ್ಲಿಗೆ, ಚೆನ್ನಾಗಿ ಬೆಳಗುವ ಐಪಿಎಸ್ ಸಾಕು.

ಭಾವನ ಮನೆಯಲ್ಲಿ ಟಿವಿ ನೋಡುವುದು ರಾತ್ರಿ, ಎದುರಿಗೆ ಕೂತು. ಅದಕ್ಕೇ 43 ಇಂಚಿನ ವಿಎ ಪರದೆ ಆರಿಸಿದೆವು. ಗೋಡೆಗೆ ಕೂರಿಸಿದ ದಿನ ನಾನು ಚಾವಡಿಯ ಟ್ಯೂಬ್‌ಲೈಟ್ ಆರಿಸಲು ಹೋದರೆ ಅಕ್ಕ ತಡೆದಳು. "ಕತ್ತಲೆಯಲ್ಲಿ ಟಿವಿ ನೋಡಿದರೆ ಕಣ್ಣು ಹೋಗ್ತದೆ ಮಾರಾಯ." ಈ ಹೆದರಿಕೆ ನಮ್ಮಲ್ಲಿ ಮನೆಮನೆಯಲ್ಲೂ ಇದೆ. ಕಣ್ಣು ದಣಿಯುತ್ತದೆ, ನಿಜ. ಕುರುಡಾಗುವುದಿಲ್ಲ. ದಣಿವೂ ಬೇಡವೆಂದರೆ ಟಿವಿಯ ಹಿಂದೆ ಗೋಡೆಗೆ ಬೀಳುವ ಹಾಗೆ ಸಣ್ಣ ಬಲ್ಬು ಇಟ್ಟರಾಯಿತು. ಪರದೆಗೆ ಬೆಳಕು ಬೀಳುವುದಿಲ್ಲ, ಕಪ್ಪು ಕೆಡುವುದಿಲ್ಲ. ದೇವರ ಕೋಣೆಯ ಝೀರೋ ಬಲ್ಬನ್ನೇ ತಂದು ಸಿಕ್ಕಿಸಿದೆ.

ಪೆನ್‌ಡ್ರೈವ್ ಹಾಕಿದೆವು. ಚೆಂಡೆ ಏರಿತು. ದೂರದಲ್ಲಿ ಎರಡು ಸೂಟೆ, ನಡುವೆ ಇನ್ನೂ ಯಾರೂ ಕಾಣುವುದಿಲ್ಲ. ಭಾವನ ಅಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳನ್ನು ಹಾಗೇ ನಿಲ್ಲಿಸಿ, "ಬಂದ" ಎಂದರು.