ದೊಡ್ಡ ರೋಟರ್ ಯಾವ ಚಕ್ರಕ್ಕೆ ಬೇಕು?

ಒಂದು ಭಾನುವಾರ ಬೆಳಗ್ಗೆ ಒಬ್ಬರು ರೋಡ್ ಬೈಕ್ (ರಸ್ತೆಯಲ್ಲಿ ವೇಗವಾಗಿ ಓಡಿಸುವ ಸೈಕಲ್ಲು) ತಳ್ಳಿಕೊಂಡು ನನ್ನ ಸೈಕಲ್ ರಿಪೇರಿ ಅಂಗಡಿಗೆ ಬಂದರು. "ಅಣ್ಣಾ, ಎರಡೂ ಚಕ್ರಕ್ಕೆ 180 ರೋಟರ್ ಹಾಕ್ಬಿಡಿ. ನಂದಿ ಬೆಟ್ಟ ಇಳಿಯುವಾಗ ಬ್ರೇಕೇ ಹಿಡೀಲಿಲ್ಲ" ಅಂದರು. ಮುಖದಲ್ಲಿ ಇನ್ನೂ ಗಾಬರಿ ಇತ್ತು. ರೋಟರ್ ಅಂದರೆ ಡಿಸ್ಕ್ ಬ್ರೇಕಿನಲ್ಲಿ ಚಕ್ರದ ಜೊತೆ ತಿರುಗುವ ಉಕ್ಕಿನ ಬಿಲ್ಲೆ, ಅದನ್ನು ಎರಡು ಕಡೆಯಿಂದ ಒತ್ತಿ ಹಿಡಿಯುವುದು ಪ್ಯಾಡ್. 140, 160, 180 ಅನ್ನುವುದು ರೋಟರಿನ ಅಡ್ಡಳತೆ, ಮಿಲಿಮೀಟರಿನಲ್ಲಿ. ಅವರ ತೂಕ 95 ಕಿಲೋ ಹತ್ತಿರ. ಕೊನೆಯ ತಿರುವುಗಳಲ್ಲಿ ಹಿಂದಿನ ಬ್ರೇಕಿನ ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂದುಬಿಟ್ಟಿತಂತೆ. ಸುಟ್ಟ ವಾಸನೆ ಬೇರೆ.

ನಾನು ಮೊದಲು ಎರಡೂ ಕಡೆಯ ಪ್ಯಾಡ್ ಬಿಚ್ಚಿ ಅಂಗೈ ಮೇಲೆ ಪಕ್ಕಪಕ್ಕ ಇಟ್ಟುಕೊಂಡೆ. ಮುಂದಿನವು ಹೊಸದರ ಹಾಗೇ ಇದ್ದವು. ಹಿಂದಿನವು ಅರ್ಧ ಮಿಲಿಮೀಟರಿಗೂ ಕಡಿಮೆ ಉಳಿದಿದ್ದವು, ಮೇಲೆ ಗಾಜಿನಂತೆ ಹೊಳಪು. ಹಿಂದಿನ 140 ರೋಟರ್ ನೀಲಿಗೆ ತಿರುಗಿತ್ತು. ಆ ಉಕ್ಕು ಈ ಬಣ್ಣಕ್ಕೆ ಬರಬೇಕಾದರೆ ಬಿಸಿ 300 ಡಿಗ್ರಿ ದಾಟಿರಲೇಬೇಕು. ಮುಂದಿನ 160 ರೋಟರ್ ಮಾತ್ರ ಬೆಳ್ಳಗೆ, ಏನೂ ಆಗದ ಹಾಗೆ ಇತ್ತು.

ಬೆಟ್ಟ ಪೂರ್ತಿ ಅವರು ಹಿಂದಿನ ಬ್ರೇಕ್ ಒಂದನ್ನೇ ಒತ್ತಿಕೊಂಡು ಇಳಿದಿದ್ದರು. ಕೇಳಿದರೆ ಹೌದು ಅಂದರು. ಮುಂದಿನ ಬ್ರೇಕ್ ಹಿಡಿದರೆ ಮಗುಚಿ ಬೀಳ್ತೀವಿ ಅಂತ ನಮ್ಮಲ್ಲಿ ಎಲ್ಲರೂ ಚಿಕ್ಕಂದಿನಿಂದ ಕೇಳಿಕೊಂಡೇ ಬಂದಿದ್ದೇವೆ, ಅಲ್ವಾ? ಆ ಭಯ ದೊಡ್ಡವರಾದ ಮೇಲೂ ಬೆರಳಿನಲ್ಲಿ ಹಾಗೇ ಉಳಿದುಕೊಂಡಿರುತ್ತದೆ.

ದೊಡ್ಡ ರೋಟರ್ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು "ಬೇಗ ನಿಲ್ಲಬೇಕು" ಅಂತಾರೆ. ಚೆನ್ನಾಗಿರುವ ಹೈಡ್ರಾಲಿಕ್ (ಎಣ್ಣೆಯ ಒತ್ತಡದಲ್ಲಿ ಕೆಲಸ ಮಾಡುವ) ಬ್ರೇಕ್ ಇದ್ದರೆ 160 ರೋಟರಿಗೇ ಹಿಂದಿನ ಚಕ್ರ ಮೇಲೇಳಿಸುವಷ್ಟು ಶಕ್ತಿ ಇದೆ. ಅಷ್ಟಾದ ಮೇಲೆ ಎಷ್ಟು ಬೇಗ ನಿಲ್ಲುತ್ತೀರಿ ಅನ್ನುವುದನ್ನು ತೀರ್ಮಾನಿಸುವುದು ಟೈರಿನ ಹಿಡಿತ ಮತ್ತು ನೀವು ಕೂತಿರುವ ರೀತಿ. ದೊಡ್ಡ ರೋಟರ್ ಕೊಡುವುದು ಬೇರೆ ಎರಡು ಅನುಕೂಲ. ಒಂದು, ಬೆರಳಿಗೆ ಶ್ರಮ ಕಡಿಮೆ. 140ರಿಂದ 160ಕ್ಕೆ ಹೋದರೆ ಅಷ್ಟೇ ಒತ್ತಿದರೂ ಶೇಕಡಾ 14ರಷ್ಟು ಜಾಸ್ತಿ ಹಿಡಿಯುತ್ತದೆ. ಕೈ ಚಿಕ್ಕದಿರುವವರಿಗೆ, ಉದ್ದದ ಇಳಿಜಾರಿನಲ್ಲಿ ಕೈ ಸೋಲುವವರಿಗೆ ಇದು ನಿಜವಾಗಿ ಗೊತ್ತಾಗುತ್ತದೆ. ಎರಡನೆಯದು ಬಿಸಿ. ನನ್ನ ಪ್ರಕಾರ ಇದೇ ಮುಖ್ಯ.

ಒಂದು ಸಣ್ಣ ಲೆಕ್ಕ ನೋಡಿ. ಸೈಕಲ್ಲು, ಸವಾರ ಸೇರಿ 100 ಕಿಲೋ ಅಂದುಕೊಳ್ಳಿ. 400 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 390 ಕಿಲೋಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಒಂದು ಲೀಟರ್ ತಣ್ಣೀರನ್ನು ಕುದಿಸಿಯೂ ಇನ್ನಷ್ಟು ಉಳಿಯುತ್ತದೆ. ವೇಗವಾಗಿ ಹೋದರೆ ಅದರಲ್ಲಿ ದೊಡ್ಡ ಪಾಲು ಗಾಳಿಗೆ ಹೋಗುತ್ತದೆ. ಹೆದರಿಕೊಂಡು ನಿಧಾನವಾಗಿ, ಬ್ರೇಕ್ ಬಿಡದೆ ಇಳಿದರೆ ಬಹುಪಾಲು ಬ್ರೇಕಿಗೇ ಬರುತ್ತದೆ. ಆ ಬಿಸಿಯನ್ನೆಲ್ಲ ನುಂಗಬೇಕಾಗಿರುವುದು ನೂರು, ನೂರಿಪ್ಪತ್ತು ಗ್ರಾಂ ತೂಗುವ ಒಂದು ತೆಳ್ಳನೆಯ ಉಕ್ಕಿನ ಬಿಲ್ಲೆ. ಅಲ್ಲಿಂದ ಬಿಸಿ ಪ್ಯಾಡಿಗೆ, ಪ್ಯಾಡಿನಿಂದ ಕ್ಯಾಲಿಪರಿನ (ಪ್ಯಾಡುಗಳನ್ನು ಹಿಡಿದು ಒತ್ತುವ ಭಾಗದ) ಎಣ್ಣೆಗೆ ಹೋಗುತ್ತದೆ. ಎಣ್ಣೆಯಲ್ಲಿ ಆವಿಯ ಗುಳ್ಳೆ ಎದ್ದರೆ ಲಿವರ್ ಮೆತ್ತಗಾಗುತ್ತದೆ. ಅವತ್ತು ಅವರಿಗೆ ಆಗಿದ್ದು ಇದೇ. ಬಿಲ್ಲೆ ದೊಡ್ಡದಾದರೆ ಲೋಹ ಜಾಸ್ತಿ, ಗಾಳಿ ತಾಗುವ ಜಾಗ ಜಾಸ್ತಿ.

ಹಾಗಂತ 180 ಹಾಕಿಕೊಡಲಿಲ್ಲ. ಅವರ ಫೋರ್ಕಿಗೆ (ಮುಂದಿನ ಚಕ್ರ ಹಿಡಿದಿರುವ ಕವಲಿಗೆ) ಕಂಪನಿ ಕೊಟ್ಟ ಮಿತಿ 160. ಈ ಮಿತಿಯನ್ನು ನಾನು ಯಾರಿಗಾಗಿಯೂ ದಾಟುವುದಿಲ್ಲ. ಕಾರ್ಬನ್ ಫೋರ್ಕಿನ ಕಾಲು ಎಷ್ಟು ಎಳೆತ ತಡೆಯುತ್ತದೆ ಅನ್ನುವುದು ಅದನ್ನು ಮಾಡಿದವರಿಗೆ ಗೊತ್ತು, ನನಗಲ್ಲ. ಹಿಂದುಗಡೆ ಫ್ರೇಮಿಗೆ 160 ಹಾಕಲು ಅನುಮತಿ ಇತ್ತು. ಹಾಗಾಗಿ ಸಾಮಾನ್ಯವಾಗಿ ಹೇಳುವ ಮಾತಿಗೆ ಉಲ್ಟಾ ಮಾಡಿದೆ. ನಿಲ್ಲಿಸುವ ಕೆಲಸ ಹೆಚ್ಚಾಗಿ ಮುಂದಿನ ಚಕ್ರದ್ದು, ಆದ್ದರಿಂದ ದೊಡ್ಡ ರೋಟರ್ ಮೊದಲು ಮುಂದೆ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿಯೇ. ಆದರೆ ಇವರ ಸೈಕಲ್ಲಿನಲ್ಲಿ ಬೇಯುತ್ತಿದ್ದದ್ದು ಹಿಂದಿನದು.

ಅಳತೆ ಬದಲಿಸುವಾಗ ನಮ್ಮಲ್ಲಿ ಜಾಸ್ತಿ ಆಗುವ ತಪ್ಪು ಒಂದಿದೆ. ರೋಟರಿನ ಅಡ್ಡಳತೆ 20 ಮಿಲಿಮೀಟರ್ ಹೆಚ್ಚಾದರೆ ಅಂಚು 10 ಮಿಲಿಮೀಟರ್ ಹೊರಗೆ ಬರುತ್ತದೆ. ಕ್ಯಾಲಿಪರ್ ಕೂಡ ಅಷ್ಟೇ ಹೊರಗೆ ಬರಬೇಕು. ಅದಕ್ಕೆ ಸರಿಯಾದ ಅಡಾಪ್ಟರ್ ಸಿಗಲಿಲ್ಲ ಅಂತ ವಾಷರ್ ಮೇಲೆ ವಾಷರ್ ಪೇರಿಸಿ ತಂದಿದ್ದ ಸೈಕಲ್ಲು ಒಂದು ನನ್ನ ಸ್ಟ್ಯಾಂಡಿಗೆ ಬಂದಿತ್ತು. ರೋಟರಿನ ಒಳಗಿನ ಕಡ್ಡಿಗಳ ಮೇಲೆ ಪ್ಯಾಡ್ ಉಜ್ಜಿದ ಗೆರೆ. ಪ್ಯಾಡಿನ ಒಂದು ಅಂಚು ಸವೆಯದೆ ದಿಣ್ಣೆಯ ಹಾಗೆ ನಿಂತಿತ್ತು. ಬೋಲ್ಟ್ ಬಿಚ್ಚಿದರೆ ಎರಡೂವರೆ ಸುತ್ತಿಗೇ ಕೈಗೆ ಬಂತು. ಬೋಲ್ಟಿನ ಎರಡೂವರೆ ಸುತ್ತಿನ ಹಿಡಿತದ ಮೇಲೆ ಒಬ್ಬ ಮನುಷ್ಯ ಬೆಟ್ಟ ಇಳಿಯುತ್ತಿದ್ದ. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಯವಿಟ್ಟು ಹೀಗೆ ಮಾಡಬೇಡಿ. ಈಗಿನ ರೋಡ್ ಬೈಕಿನ ಫ್ಲ್ಯಾಟ್ ಮೌಂಟ್ (ಫ್ರೇಮಿಗೆ ಚಪ್ಪಟೆಯಾಗಿ ಕೂರುವ) ಕ್ಯಾಲಿಪರಿಗೆ ಮುಂದುಗಡೆ ಒಂದು ತೆಳ್ಳನೆಯ ಪ್ಲೇಟ್ ಇರುತ್ತದೆ. ಅದನ್ನು ತಿರುಗಿಸಿ ಹಾಕಿದರೆ 140ರಿಂದ 160ಕ್ಕೆ ಬದಲಾಗುತ್ತದೆ. ಹಿಂದುಗಡೆ ಬೇರೆ ಅಡಾಪ್ಟರ್ ಬೇಕು, ಬೋಲ್ಟಿನ ಉದ್ದವೂ ಫ್ರೇಮಿನ ದಪ್ಪಕ್ಕೆ ಹೊಂದಬೇಕು. ಕೆಲವು ಫ್ರೇಮುಗಳು ಹಿಂದುಗಡೆ ನೇರವಾಗಿ 160ಕ್ಕೇ ಮಾಡಿರುತ್ತವೆ.

ಉಳಿದ ಕೆಲಸ ಕಷ್ಟದ್ದಲ್ಲ. ಸೆಂಟರ್‌ಲಾಕ್ ಹಬ್ (ರೋಟರನ್ನು ಮಧ್ಯದಲ್ಲಿ ಒಂದೇ ರಿಂಗ್ ಹಿಡಿದಿರುವ ಚಕ್ರದ ಗುಂಬ) ಆದರೆ ಸಾಮಾನ್ಯವಾಗಿ ಕ್ಯಾಸೆಟ್ (ಹಿಂದಿನ ಗೇರಿನ ಹಲ್ಲುಚಕ್ರಗಳು) ಬಿಚ್ಚುವ ಟೂಲೇ ಸಾಕು. ರಿಂಗ್ 40 ನ್ಯೂಟನ್ ಮೀಟರಿಗೆ ಬಿಗಿಯಾಗಬೇಕು. ಅಂದಾಜಿಗೆ ಬಿಡಬೇಡಿ, ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ರೆಂಚ್ ಹಿಡಿಯಿರಿ. ಹೊಸ ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಆಮೇಲೆ ಪ್ಯಾಡ್ ತಾಗುವ ಜಾಗವನ್ನು ಬೆರಳಿನಿಂದ ಮುಟ್ಟಬೇಡಿ. ಕ್ಯಾಲಿಪರಿನ ಬೋಲ್ಟ್ ಸಡಿಲ ಬಿಟ್ಟು, ಲಿವರ್ ಒತ್ತಿ ಹಿಡಿದು, ಎರಡೂ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದರೆ ಅದು ತಾನಾಗಿ ಮಧ್ಯಕ್ಕೆ ಬರುತ್ತದೆ. ಚಕ್ರ ತಿರುಗಿಸಿ, ರೋಟರ್ ಮತ್ತು ಫ್ರೇಮಿನ ಮಧ್ಯೆ ಬೆಳಕು ಕಾಣುತ್ತಾ ನೋಡಿ.

ಹೊಸ ರೋಟರ್, ಹೊಸ ಪ್ಯಾಡ್ ಹಾಕಿದ ದಿನವೇ ಬೆಟ್ಟಕ್ಕೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ 25 ಕಿಲೋಮೀಟರ್ ವೇಗಕ್ಕೆ ಹೋಗಿ, ಚಕ್ರ ಲಾಕ್ ಆಗದ ಹಾಗೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ ಹದಿನೈದು, ಇಪ್ಪತ್ತು ಸಲ ಮಾಡಿ. ಮೊದಲ ಮೂರ್ನಾಲ್ಕು ಸಲ ಹಿಡಿಯುವುದೇ ಇಲ್ಲ ಅನ್ನಿಸುತ್ತದೆ. ಹತ್ತನೆಯ ಸಲದ ಹೊತ್ತಿಗೆ ವ್ಯತ್ಯಾಸ ನಿಮಗೇ ಗೊತ್ತಾಗುತ್ತದೆ.

ಇನ್ನೊಂದು ಮಾತು. ಬ್ರೇಕ್ ಹಿಡಿಯುವುದಿಲ್ಲ ಅಂತ ಬರುವ ಎಷ್ಟೋ ಸೈಕಲ್ಲುಗಳಿಗೆ ರೋಟರ್ ಬದಲಿಸುವ ಅಗತ್ಯವೇ ಇರುವುದಿಲ್ಲ. ಚೈನಿಗೆ ಸ್ಪ್ರೇ ಹೊಡೆಯುವಾಗ ರೋಟರಿಗೂ ಹಾರಿರುತ್ತದೆ. ಎಣ್ಣೆ ಕುಡಿದ ಪ್ಯಾಡಿಗೆ 203 ರೋಟರ್ ಹಾಕಿದರೂ ಪ್ರಯೋಜನ ಇಲ್ಲ. ಇಲ್ಲವೇ ರೋಟರ್ ಸವೆದಿರುತ್ತದೆ. ಶಿಮಾನೊ ರೋಟರ್ ಹೊಸದರಲ್ಲಿ 1.8 ಮಿಲಿಮೀಟರ್ ದಪ್ಪ, 1.5ಕ್ಕೆ ಬಂದರೆ ತೆಗೆಯಬೇಕು. 180 ನಿಜಕ್ಕೂ ಬೇಕಾದವರೂ ಇದ್ದಾರೆ. ಬ್ಯಾಗು, ಟೆಂಟು ಕಟ್ಟಿಕೊಂಡು ಆಗುಂಬೆ ಘಾಟಿಯನ್ನು ಮಳೆಯಲ್ಲಿ ಇಳಿಯುವವರು, ಇಬ್ಬರು ತುಳಿಯುವ ಟ್ಯಾಂಡಮ್ ಇರುವವರು. ಅಂಥವರು 180 ತಡೆಯುವ ಫೋರ್ಕನ್ನೇ ನೋಡಿ ಸೈಕಲ್ಲು ಕೊಳ್ಳುವುದು ಒಳ್ಳೆಯದು. ದೊಡ್ಡ ರೋಟರ್ ಬೇಗ ಸೊಟ್ಟಗಾಗುತ್ತದೆ ಅನ್ನುವುದೂ ನೆನಪಿರಲಿ. ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲು ಮಲಗಿಸುವಾಗ ರೋಟರ್ ಇರುವ ಕಡೆ ಮೇಲೆ ಬರಲಿ.

ಅವರಿಗೆ ಹಿಂದೆ 160, ಎರಡೂ ಕಡೆ ಹೊಸ ಎಣ್ಣೆ, ಹಿಂದೆ ಹೊಸ ಪ್ಯಾಡ್. ಅಂಗಡಿ ಹಿಂದಿನ ರಸ್ತೆಯಲ್ಲಿ ಅರ್ಧ ಗಂಟೆ ಮುಂದಿನ ಬ್ರೇಕ್ ಹಿಡಿಯುವುದನ್ನು ಅಭ್ಯಾಸ ಮಾಡಿಸಿದೆ. ಸೊಂಟ ಹಿಂದಕ್ಕೆ, ಕೈ ಗಟ್ಟಿ, ಒಮ್ಮೆಲೇ ಜಗ್ಗದೆ ಮೆಲ್ಲಗೆ ಒತ್ತಿ, ತಿರುವಿಗೆ ಮೊದಲೇ ಹಿಡಿದು ಬಿಟ್ಟುಬಿಡುವುದು. ಎರಡು ತಿಂಗಳ ಮೇಲೆ ಸರ್ವಿಸಿಗೆ ಬಂದರು. ನಂದಿಗೆ ಆರು ಸಲ ಹೋಗಿ ಬಂದಿದ್ದರಂತೆ. ಪ್ಯಾಡ್ ಬಿಚ್ಚಿ ಮತ್ತೆ ಅಂಗೈ ಮೇಲೆ ಇಟ್ಟುಕೊಂಡೆ. ಈ ಸಲ ಮುಂದಿನವು ಹಿಂದಿನವುಗಳಿಗಿಂತ ಜಾಸ್ತಿ ಸವೆದಿದ್ದವು. ಹಿಂದಿನ ರೋಟರ್ ಬೆಳ್ಳಗೇ ಇತ್ತು.