ಟಿಲ್ಟ್-ಶಿಫ್ಟ್ ಎಫೆಕ್ಟ್ ಆಪ್‌ನಲ್ಲೇ ಬರುತ್ತಲ್ಲ, ಮದುವೆ ಫೋಟೋಗೆ ಆ ಲೆನ್ಸ್ ಯಾಕೆ?

ಪ್ರಶ್ನೆ: ಸರ್, ಟಿಲ್ಟ್-ಶಿಫ್ಟ್ ಲೆನ್ಸ್ ಕಟ್ಟಡದ ಫೋಟೋ ತೆಗೆಯೋರಿಗೆ ಅಲ್ವಾ? ಪೋರ್ಟ್ರೇಟ್‌ಗೆ, ಮದುವೆಗೆ ಅದರಿಂದ ಏನು ಉಪಯೋಗ? ಆ ಬ್ಲರ್ ಮೊಬೈಲ್ ಆಪ್‌ನಲ್ಲೇ ಬರುತ್ತಲ್ಲ?

ಟಿಲ್ಟ್-ಶಿಫ್ಟ್ ಅಂದರೆ ಕ್ಯಾಮೆರಾ ಕದಲಿಸದೆ ಓರೆ ಮಾಡಬಹುದಾದ (ಟಿಲ್ಟ್), ಪಕ್ಕಕ್ಕೋ ಮೇಲಕ್ಕೋ ಜಾರಿಸಬಹುದಾದ (ಶಿಫ್ಟ್) ಲೆನ್ಸ್. ಪ್ರಶ್ನೆಯ ಮೊದಲ ಅರ್ಧಕ್ಕೆ ಉತ್ತರ ಸಣ್ಣದು. ಉಪಯೋಗ ಇದೆ. ಅಗಲ ನೋಟದ 17, 24 ಎಂಎಂ ಲೆನ್ಸ್ ಕಟ್ಟಡಕ್ಕೆ ಸರಿ, ಅದಕ್ಕಿಂತ ಕಿರಿದಾದ ನೋಟದ 45, 85, 90 ಎಂಎಂ ಮನುಷ್ಯರ ಫೋಟೋಗೆ ಚೆನ್ನಾಗಿ ಹೊಂದುತ್ತವೆ. ಎರಡನೆಯ ಅರ್ಧ ಮಾತ್ರ ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ. ಹಾಗಾಗಿ ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಆಪ್ ಏನು ಮಾಡುತ್ತದೆ ನೋಡಿ. ಚಿತ್ರದ ನಡುವೆ ಒಂದು ಪಟ್ಟಿ ಬಿಟ್ಟು ಮೇಲೆ, ಕೆಳಗೆ ಮಬ್ಬು ಮಾಡುತ್ತದೆ. ಯಾವುದು ಕ್ಯಾಮೆರಾದಿಂದ ಎಷ್ಟು ದೂರ ಇತ್ತು ಅನ್ನೋದು ಅದರ ಲೆಕ್ಕದಲ್ಲೇ ಇಲ್ಲ. ಮದುಮಗಳ ಮುಖ ಆ ಪಟ್ಟಿಯಲ್ಲಿದ್ದರೆ, ಅವಳ ಹಿಂದೆ ಇಪ್ಪತ್ತು ಅಡಿ ದೂರದ ಗೋಡೆ ಗಡಿಯಾರವೂ ಮುಖದಷ್ಟೇ ಸ್ಪಷ್ಟ. ಅವಳದೇ ಸೀರೆ ನೆರಿಗೆ ಮಾತ್ರ ಮಬ್ಬು. ಕಣ್ಣು ಇದನ್ನು ಒಪ್ಪಲ್ಲ.

ಪೋರ್ಟ್ರೇಟ್ ಮೋಡ್‌ಗೆ ದೂರ ಗೊತ್ತಾಗುತ್ತಲ್ಲ ಅಂತ ಕೆಲವರು ಮುಂದುವರಿಸುತ್ತಾರೆ. ಗೊತ್ತಾಗುತ್ತದೆ, ಅಂದಾಜಿನ ಮೇಲೆ. ಜಡೆಗೆ ಮುಡಿದ ಮಲ್ಲಿಗೆ ದಂಡೆಯ ಅಂಚನ್ನು ಜೂಮ್ ಮಾಡಿ ನೋಡಿ. ಎಷ್ಟೋ ಸಲ ಅರ್ಧ ಮೊಗ್ಗು ಇರುತ್ತದೆ, ಅರ್ಧ ಹಿನ್ನೆಲೆಯಲ್ಲಿ ಕರಗಿರುತ್ತದೆ. ಕಿವಿ ಪಕ್ಕದ ಬಿಡಿಕೂದಲಿನ ಕಥೆಯೂ ಅದೇ.

ಇದಾದರೂ ನಾಳೆ ಸುಧಾರಿಸಬಹುದು. ಸುಧಾರಿಸದ ವಿಷಯ ಬೇರೆ ಇದೆ. ಸ್ಪಷ್ಟವಾಗಿರೋದನ್ನು ಮಬ್ಬು ಮಾಡೋದು ಆಪ್‌ಗೆ ಸುಲಭ. ತೆಗೆಯುವಾಗಲೇ ಮಬ್ಬಾದ ಮುಖವನ್ನು ಅದು ವಾಪಸ್ ತರಲಾರದು. ಎಐ ಸಾಫ್ಟ್‌ವೇರ್ ಕಣ್ರೆಪ್ಪೆ ಬರೆದುಕೊಡಬಹುದು. ಅದು ಆ ಹುಡುಗಿಯ ಕಣ್ರೆಪ್ಪೆ ಅಲ್ಲ.

ಮಂಟಪದಲ್ಲಿ ಜೋಡಿ ಕೂತಿದೆ ಅಂದುಕೊಳ್ಳಿ. ನೀವು ಪಕ್ಕದಿಂದ ತೆಗೆಯುತ್ತಿದ್ದೀರಿ. ವರ ಎರಡು ಮೀಟರ್ ದೂರದಲ್ಲಿ, ವಧು ಅವನಿಗಿಂತ ಒಂದೂವರೆ ಅಡಿ ಹಿಂದೆ. ಫುಲ್ ಫ್ರೇಮ್ (ಚಿತ್ರ ಹಿಡಿಯುವ ಸೆನ್ಸರ್ ದೊಡ್ಡದಿರುವ) ಕ್ಯಾಮೆರಾ, 90 ಎಂಎಂ, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/2.8, ಅಂದರೆ ಅಗಲವಾಗಿ ತೆರೆದದ್ದು. ಆಗ ಫೋಕಸ್‌ನಲ್ಲಿ ಇರೋ ಜಾಗದ ಆಳ ಸುಮಾರು 8 ಸೆಂಟಿಮೀಟರ್. ವರ ಸಿಕ್ಕರೆ ವಧು ಹೋದಳು. ಇಬ್ಬರೂ ಬೇಕು ಅಂದರೆ ಮಾಮೂಲಿ ಲೆನ್ಸನ್ನು ಎಫ್/16ರವರೆಗೆ ಮುಚ್ಚಬೇಕು. ಅಂದರೆ ಐದು ಸ್ಟಾಪ್ ಬೆಳಕು ಹೋಯಿತು, ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧ. ಅದನ್ನು ತುಂಬಿಕೊಳ್ಳಲು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800 ಇದ್ದದ್ದು 25,600 ಆಗುತ್ತದೆ. ಸಾಲದ್ದಕ್ಕೆ ಹಿಂದೆ ನಿಂತ ವಿಡಿಯೋದವರೂ, ಪೇರಿಸಿಟ್ಟ ಪ್ಲಾಸ್ಟಿಕ್ ಕುರ್ಚಿಗಳೂ ಎದ್ದು ಕಾಣುತ್ತವೆ.

ಟಿಲ್ಟ್ ಇಲ್ಲಿ ಬೇರೆಯೇ ದಾರಿ ಹಿಡಿಯುತ್ತದೆ. ಫೋಕಸ್ ಅನ್ನೋದು ಕ್ಯಾಮೆರಾ ಎದುರು ನೆಟ್ಟಗೆ ನಿಲ್ಲಿಸಿದ ಗಾಜಿನ ಹಾಳೆ ಇದ್ದ ಹಾಗೆ. ಮಾಮೂಲಿ ಲೆನ್ಸಿನಲ್ಲಿ ಅದನ್ನು ಹಿಂದೆ ಮುಂದೆ ಸರಿಸಬಹುದು, ಅಷ್ಟೇ. ಟಿಲ್ಟ್ ಮಾಡಿದರೆ ಆ ಹಾಳೆ ಓರೆಯಾಗುತ್ತದೆ. ಒಂದು ತುದಿ ವರನ ಕಣ್ಣಿನ ಮೇಲೆ, ಇನ್ನೊಂದು ವಧುವಿನ ಕಣ್ಣಿನ ಮೇಲೆ. ಅಪರ್ಚರ್ ಎಫ್/2.8ರಲ್ಲೇ ಇದೆ. ಹಿಂದಿನ ಕುರ್ಚಿಗಳು ಕರಗಿಯೇ ಇವೆ. ಬ್ಲರ್ ಜಾಸ್ತಿ ಮಾಡೋ ಲೆನ್ಸ್ ಅಂತ ಇದನ್ನು ಕರೆಯಬೇಡಿ ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಎಷ್ಟು ತಿರುಗಿಸಬೇಕು? ವಧು ಒಂದೂವರೆ ಅಡಿ ಹಿಂದೆ, ಒಂದೂವರೆ ಅಡಿ ಪಕ್ಕಕ್ಕೆ ಇದ್ದರೆ ಎರಡೂವರೆ ಡಿಗ್ರಿ ಸಾಕು. ಹೊಸದಾಗಿ ಹಿಡಿದವರು ಸೀದಾ ಕೊನೆಯ 8 ಡಿಗ್ರಿಗೆ ತಿರುಗಿಸಿ, ಯಾವುದೂ ಸಿಗುತ್ತಿಲ್ಲ ಅಂತಾರೆ. ಲೆನ್ಸನ್ನು ಸುತ್ತಿಸಿಕೊಂಡು ಟಿಲ್ಟ್ ಅಡ್ಡಕ್ಕೆ ಬರುವ ಹಾಗೆ ಮಾಡಿ. ಹತ್ತಿರ ಕೂತವರ ಕಡೆಗೆ ಅದರ ಮುಖ ತಿರುಗಲಿ. ಲೈವ್ ವ್ಯೂನಲ್ಲಿ (ಕ್ಯಾಮೆರಾ ಹಿಂದಿನ ಪರದೆಯಲ್ಲಿ) ದೊಡ್ಡದು ಮಾಡಿ ಹತ್ತಿರದ ಕಣ್ಣಿಗೆ ಫೋಕಸ್ ಮಾಡಿ, ದೂರದ ಕಣ್ಣಿಗೆ ಟಿಲ್ಟ್ ಹೊಂದಿಸಿ. ಮತ್ತೆ ಹತ್ತಿರದ್ದು ನೋಡಿ. ಎರಡು ಮೂರು ಸುತ್ತಿನಲ್ಲಿ ಕೂರುತ್ತದೆ. ಧಾರೆ ಹೊತ್ತಲ್ಲಿ, ಸುತ್ತ ನೂರು ಜನ ಅಕ್ಷತೆ ಹಿಡಿದು ನಿಂತಾಗ, ಇದನ್ನು ಶುರು ಮಾಡಬೇಡಿ. ಈ ಲೆನ್ಸ್‌ಗಳಿಗೆ ಆಟೋಫೋಕಸ್ ಇಲ್ಲ, ಆ ಗಳಿಗೆ ಮತ್ತೆ ಬರಲ್ಲ. ಮುಹೂರ್ತ ಮುಗಿದ ಮೇಲೆ ಜೋಡಿಯನ್ನು ಹತ್ತು ನಿಮಿಷ ಕೂರಿಸಿಕೊಂಡು ತೆಗೆಯಿರಿ.

ಇದೇ ಟಿಲ್ಟನ್ನು ಉಲ್ಟಾ ಕೆಲಸಕ್ಕೆ, ಅಂದರೆ ಮಬ್ಬು ಮಾಡೋಕೆ, ಬಳಸಿದರೆ ಇನ್ನೊಂದು ಚೆಂದ ಸಿಗುತ್ತದೆ. ಗೋಡೆಗೆ ಒರಗಿ ನಿಂತವಳ ಫೋಟೋ ಯೋಚಿಸಿ. ಇನ್ನೂ ಅಗಲವಾಗಿ ತೆರೆಯುವ ಎಫ್/1.2 ಲೆನ್ಸ್ ಕೂಡ ಆ ಗೋಡೆಯನ್ನು ಕರಗಿಸಲ್ಲ, ಯಾಕೆಂದರೆ ಗೋಡೆಯೂ ಅವಳೂ ಹೆಚ್ಚುಕಮ್ಮಿ ಒಂದೇ ದೂರದಲ್ಲಿದ್ದಾರೆ. ಟಿಲ್ಟ್ ಅಡ್ಡಕ್ಕೆ ಪೂರ್ತಿ ಹಾಕಿದರೆ ತಲೆಯಿಂದ ಕಾಲಿನವರೆಗೆ ಅವಳು ಸ್ಪಷ್ಟ, ಎರಡೂ ಪಕ್ಕದ ಗೋಡೆ ಮಾಯ. ಇದೊಂದನ್ನು ಆಪ್ ಹತ್ತಿರ ಹತ್ತಿರ ಮಾಡಬಲ್ಲದು, ಒಪ್ಪುತ್ತೇನೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಆಸ್ಟ್ರಿಯಾದ ಸೇನಾಧಿಕಾರಿ ಥಿಯೋಡೋರ್ ಶೈಂಪ್‌ಫ್ಲೂಗ್ ಆಕಾಶದಿಂದ ತೆಗೆದ ಓರೆ ಫೋಟೋಗಳನ್ನು ಸರಿಪಡಿಸಲು ಹೊರಟು, ಲೆನ್ಸ್ ಓರೆಯಾದರೆ ಫೋಕಸ್ ಹಾಳೆಯೂ ಓರೆಯಾಗುವ ಈ ನಿಯಮವನ್ನು 1904ರ ಪೇಟೆಂಟ್‌ನಲ್ಲಿ ವಿವರಿಸಿದ. ಕಪ್ಪು ಬಟ್ಟೆ ಹೊದ್ದು ತೆಗೆಯುತ್ತಿದ್ದ ಹಳೆಯ ಬೆಲ್ಲೋಸ್ (ಮಡಿಕೆ ಮಡಿಕೆಯ ತಿದಿ ಇರುವ) ಕ್ಯಾಮೆರಾಗಳಲ್ಲಿ ಹಲವಕ್ಕೆ ಈ ಓರೆ ಮಾಡುವ ಸೌಲಭ್ಯ ಇತ್ತು. ಕ್ಯಾನನ್ 1973ರಲ್ಲಿ ಟಿಲ್ಟ್, ಶಿಫ್ಟ್ ಎರಡನ್ನೂ ಸೇರಿಸಿದ 35 ಎಂಎಂ ಲೆನ್ಸ್ ತಂದಿತು.

ಶಿಫ್ಟ್ ಬಗ್ಗೆ ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಅಲಂಕಾರದ ಕೋಣೆಯಲ್ಲಿ ಕನ್ನಡಿ ಮುಂದೆ ಕೂತ ಮದುಮಗಳನ್ನು ನೇರವಾಗಿ ತೆಗೆದರೆ ನೀವೂ ಕನ್ನಡಿಯಲ್ಲಿ ಬೀಳುತ್ತೀರಿ. ಓರೆಯಿಂದ ತೆಗೆದರೆ ಕನ್ನಡಿಯ ಚೌಕ ಸೊಟ್ಟ. ಕನ್ನಡಿಯ ಅಂಚು ದಾಟಿ ಪಕ್ಕಕ್ಕೆ ನಿಲ್ಲಿ. ಕ್ಯಾಮೆರಾ ಉದ್ದಕ್ಕೆ ಹಿಡಿಯಿರಿ, ಸೆನ್ಸರ್ ಕನ್ನಡಿಗೆ ಸಮಾನಾಂತರವಾಗಿಯೇ ಇರಲಿ. ಈಗ ಲೆನ್ಸನ್ನು ಕನ್ನಡಿ ಕಡೆಗೆ ಶಿಫ್ಟ್ ಮಾಡಿ. ಚೌಕ ಚೌಕವಾಗಿಯೇ ಫ್ರೇಮಿನ ನಡುವೆ ಬರುತ್ತದೆ, ನೀವು ಅದರಲ್ಲಿ ಇರಲ್ಲ. 45 ಎಂಎಂನಲ್ಲಿ 11 ಮಿಲಿಮೀಟರ್ ಶಿಫ್ಟ್ ಸಿಗುತ್ತದೆ, ಒಬ್ಬರ ಮುಖ ಕಾಣುವಷ್ಟು ಅಗಲದ ಕನ್ನಡಿಗೆ ಸಾಕು. ಗೋಡೆ ತುಂಬಾ ಕನ್ನಡಿ ಇರುವ ಬ್ಯೂಟಿ ಪಾರ್ಲರ್‌ನಲ್ಲಿ ಇದು ನಡೆಯಲ್ಲ, ಅಲ್ಲಿ ಆಚೆ ನಿಲ್ಲೋಕೆ ಅಂಚೇ ಇರಲ್ಲ.